ಕ್ರಾಕೋವ್‌ನಲ್ಲಿ ಒಂದು ದಿನದ ಕಾಲ್ನಡಿಗೆ: ಹಳೆ ಪೇಟೆಯಿಂದ ಯಹೂದಿ ಕೇರಿಗೆ, ಅಲ್ಲಿಂದ ನದಿಯಾಚೆಗೆ

ಪೋಲೆಂಡ್‌ನ ಕ್ರಾಕೋವ್ ನಗರವನ್ನು ಬ್ಯಾಟರಿ ಗಾಡಿಯಲ್ಲಿ ಕುಳಿತು ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದು. ಹಳೆ ಪೇಟೆಯಲ್ಲಿ ಅಂಥ ಗಾಡಿಯವರು ಹೆಜ್ಜೆಹೆಜ್ಜೆಗೂ ಕೈಬೀಸಿ ಕರೆಯುತ್ತಾರೆ. ನನ್ನ ಸಲಹೆ: ಹತ್ತಬೇಡಿ. ಈ ಊರಿನ ಯಹೂದಿಗಳ ಚರಿತ್ರೆ ಉತ್ತರದಿಂದ ದಕ್ಷಿಣಕ್ಕೆ ಹರಡಿಕೊಂಡಿದೆ. ಅವರು ಮೊದಲು ವಾಸವಿದ್ದದ್ದು ಹಳೆ ಪೇಟೆಯ ಒಳಗೇ. 1495ರಲ್ಲಿ ಪಕ್ಕದ ಕಾಜಿಮಿಯೆಶ್ ಪಟ್ಟಣಕ್ಕೆ ಹೋಗಬೇಕಾಯಿತು. 1941ರಲ್ಲಿ ನಾಜಿಗಳು ಅಲ್ಲಿಂದಲೂ ಎಬ್ಬಿಸಿ ವಿಸ್ತುಲಾ ನದಿಯಾಚೆಯ ಪೊಡ್‌ಗುಜೆಗೆ ಅಟ್ಟಿದರು. ಇದೇ ಕ್ರಮದಲ್ಲಿ, ಇದೇ ದಿಕ್ಕಿನಲ್ಲಿ ನಡೆದರೆ ಒಂದೊಂದು ಜಾಗವೂ ಮುಂದಿನದಕ್ಕೆ ಅರ್ಥ ಕೊಡುತ್ತದೆ. ಗಾಡಿಯವರು ತಮಗೆ ಅನುಕೂಲವಾದ ಕಡೆಯಿಂದ ಸುತ್ತಿಸುವಾಗ ಆ ಅರ್ಥವೇ ತಪ್ಪಿಹೋಗುತ್ತದೆ.

ಒಟ್ಟು ದೂರ ಹೆಚ್ಚೆಂದರೆ ಆರೇಳು ಕಿಲೋಮೀಟರ್. ನೆಲ ಬಹುಪಾಲು ಸಮತಟ್ಟು. ಬೆಳಗ್ಗೆ ಎಂಟೂವರೆಗೆ ಹೊರಟರೆ ಸಂಜೆ ಐದಾರರ ಹೊತ್ತಿಗೆ ಮುಗಿಯುತ್ತದೆ.

ಹೊರಡುವ ಮುನ್ನ

ದಿನ ಆರಿಸಿಕೊಳ್ಳುವುದೇ ಮೊದಲ ಕೆಲಸ. ಶನಿವಾರ ಬೇಡವೇ ಬೇಡ. ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಯಹೂದಿಗಳಿಗೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿ ದಿನ. ಪ್ರಾರ್ಥನೆ ನಡೆಯುವ ಸಿನಗಾಗ್‌ಗಳೂ (ಯಹೂದಿ ಪ್ರಾರ್ಥನಾ ಮಂದಿರಗಳು) ಸ್ಮಶಾನಗಳೂ ಆಗ ಪ್ರವಾಸಿಗರಿಗೆ ತೆರೆದಿರುವುದಿಲ್ಲ. ಶುಕ್ರವಾರ ಮಧ್ಯಾಹ್ನವೇ ಬಾಗಿಲು ಹಾಕುವುದೂ ಉಂಟು. ಭಾನುವಾರ ಬೆಳಗ್ಗೆ ಕ್ರೈಸ್ತ ಚರ್ಚುಗಳಲ್ಲಿ ಪೂಜೆ ನಡೆಯುವುದರಿಂದ ಅಲ್ಲಿ ಒಳಗೆ ಹೋಗಿ ನೋಡುವುದು ಕಷ್ಟ. ಹೀಗಾಗಿ ಮಂಗಳವಾರದಿಂದ ಗುರುವಾರದೊಳಗಿನ ಯಾವುದಾದರೂ ದಿನ ಉತ್ತಮ. ಯಹೂದಿ ಹಬ್ಬದ ದಿನಗಳನ್ನೂ ಒಮ್ಮೆ ನೋಡಿಕೊಳ್ಳಿ.

ನಡಿಗೆಯ ಕೊನೆಯಲ್ಲಿ ಬರುವ ಶಿಂಡ್ಲರ್ ಕಾರ್ಖಾನೆಯ ಸಂಗ್ರಹಾಲಯದ ಟಿಕೆಟ್ಟನ್ನು ಆನ್‌ಲೈನ್‌ನಲ್ಲಿ ಹಲವು ದಿನ ಮೊದಲೇ ಕಾದಿರಿಸಬೇಕು. ಟಿಕೆಟ್‌ಗೆ ನಿಗದಿತ ಪ್ರವೇಶ ಸಮಯ ಇರುತ್ತದೆ. ಮಧ್ಯಾಹ್ನ ಮೂರರ ಆಸುಪಾಸಿನದನ್ನು ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಅದೇ ದಿನ ಹೋಗಿ ಟಿಕೆಟ್ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಉಳಿದ ಕಡೆ ಸರದಿಯಲ್ಲಿ ನಿಂತು ಕೊಂಡರೆ ಸಾಕು.

ಬೀದಿಗಳಿಗೆ ಕಲ್ಲು ಹಾಸಿದ್ದಾರೆ, ಆದ್ದರಿಂದ ಅಡಿ ದಪ್ಪಗಿರುವ ಷೂ ಬೇಕು. ಚಳಿಗಾಲದಲ್ಲಿ ಹೋಗುವವರು ಹೊರಡುವ ಸಮಯವನ್ನು ಇನ್ನೂ ಮುಂಚೆಗೆ ತನ್ನಿ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ಗಂಡಸರು ಒಂದು ಟೋಪಿ ಜೊತೆಗಿಟ್ಟುಕೊಳ್ಳಿ, ಸಿನಗಾಗ್ ಮತ್ತು ಸ್ಮಶಾನದಲ್ಲಿ ತಲೆ ಮುಚ್ಚಿಕೊಳ್ಳಬೇಕು.

ಮೊದಲ ಹಂತ: ಕೋಟೆ ಬಾಗಿಲಿನಿಂದ ರಿನೆಕ್‌ವರೆಗೆ

ಮುಖ್ಯ ರೈಲು ನಿಲ್ದಾಣದಿಂದ ಐದು ನಿಮಿಷ ನಡೆದರೆ ಬಾರ್ಬಿಕನ್ ಸಿಗುತ್ತದೆ. 1498–99ರಲ್ಲಿ ಕಟ್ಟಿದ ದುಂಡನೆಯ ಕಾವಲು ಕೋಟೆ ಇದು. ಅದರ ಹಿಂದಿರುವುದು ಫ್ಲೋರಿಯನ್ ಬಾಗಿಲು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಊರಿನ ಕೋಟೆ ಗೋಡೆಯನ್ನು ಕೆಡವಿ, ಕಂದಕ ಮುಚ್ಚಿ, ಆ ಜಾಗದಲ್ಲೆಲ್ಲ ಮರ ನೆಟ್ಟರು. ಹಳೆ ಪೇಟೆಯನ್ನು ಸುಮಾರು ನಾಲ್ಕು ಕಿಲೋಮೀಟರ್ ಉದ್ದಕ್ಕೆ ಸುತ್ತುವರಿದ ಪ್ಲಾಂಟಿ ಉದ್ಯಾನ ಹುಟ್ಟಿದ್ದು ಹಾಗೆ. ಬಾಗಿಲಿನ ಬಳಿ ಒಂದಿಷ್ಟು ಗೋಡೆ ಮಾತ್ರ ಉಳಿದಿದೆ.

ಇಲ್ಲೇ ಬೀದಿಬದಿಯ ನೀಲಿ ಗಾಡಿಯಲ್ಲಿ ಒಂದು ಒಬ್ವಾಝಾನೆಕ್ ಕೊಂಡುಕೊಳ್ಳಿ. ಹುರಿ ಹೊಸೆದಂತೆ ತಿರುಚಿ, ಬಿಸಿನೀರಿನಲ್ಲಿ ಅದ್ದಿ ತೆಗೆದು, ಆಮೇಲೆ ಬೇಯಿಸಿದ ಬಳೆಯಾಕಾರದ ಬ್ರೆಡ್ ಅದು. ಮೇಲೆ ಉಪ್ಪು, ಎಳ್ಳು ಅಥವಾ ಗಸಗಸೆ. ಬೆಳಗ್ಗೆ ಬಿಸಿಯಾಗಿದ್ದಾಗಲೇ ತಿನ್ನಬೇಕು, ಮಧ್ಯಾಹ್ನಕ್ಕೆ ಗಟ್ಟಿಯಾಗಿರುತ್ತದೆ. ಇದರ ನಂಟನಾದ ಬೇಗಲ್‌ನ ಅತಿ ಹಳೆಯ ಲಿಖಿತ ಉಲ್ಲೇಖ ಇರುವುದೂ ಕ್ರಾಕೋವ್‌ನ ಯಹೂದಿ ಸಮುದಾಯದ 1610ರ ಕಟ್ಟಳೆಗಳಲ್ಲಿ.

ಫ್ಲೋರಿಯಾನ್‌ಸ್ಕಾ ಬೀದಿಯಲ್ಲಿ ನೇರ ನಡೆದರೆ ರಿನೆಕ್ ಚೌಕ. 1257ರಲ್ಲಿ ಊರಿಗೆ ಹೊಸ ನಕ್ಷೆ ಹಾಕಿದಾಗ ಅಳೆದು ಬಿಟ್ಟ ಜಾಗ, ಒಂದೊಂದು ಬದಿಯೂ ಸುಮಾರು ಇನ್ನೂರು ಮೀಟರ್. ನಡುವೆ ಬಟ್ಟೆ ವ್ಯಾಪಾರಿಗಳ ಸುಕಿಯೆನ್ನಿತ್ಸೆ ಕಟ್ಟಡ, ಮೂಲೆಯಲ್ಲಿ ಎರಡು ಸಮವಲ್ಲದ ಗೋಪುರಗಳ ಸಂತ ಮೇರಿ ಚರ್ಚ್. ಆ ಎತ್ತರದ ಗೋಪುರದಿಂದ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ತುತ್ತೂರಿ ಊದುತ್ತಾರೆ. ರಾಗ ನಡುವೆಯೇ ಥಟ್ಟನೆ ನಿಲ್ಲುತ್ತದೆ. ತಾತಾರರ ದಾಳಿಯಲ್ಲಿ ಕಾವಲುಗಾರನ ಗಂಟಲಿಗೆ ಬಾಣ ನಾಟಿದ ನೆನಪಿಗೆ ಹೀಗೆ ಎಂದು ದಂತಕಥೆ. ಊದುವವರು ನಗರದ ಅಗ್ನಿಶಾಮಕ ದಳದವರು. ಒಂಬತ್ತು ಗಂಟೆಯದನ್ನು ಕೇಳಿಸಿಕೊಂಡು ಮುಂದೆ ಹೊರಡಿ. ಚರ್ಚಿನೊಳಗೆ ಫೈಟ್ ಸ್ಟೋಸ್ 1477ರಿಂದ 1489ರವರೆಗೆ ಕೆತ್ತಿದ ಮರದ ಪೂಜಾಪೀಠವಿದೆ. ಅದನ್ನು ಇವತ್ತಿನ ಓಟಕ್ಕೆ ಸೇರಿಸಬೇಡಿ. ಅದಕ್ಕೊಂದು ಬೇರೆ ಬೆಳಗನ್ನೇ ಕೊಡಬೇಕು.

ಸುಕಿಯೆನ್ನಿತ್ಸೆಯ ಮಳಿಗೆಗಳ ಬಗ್ಗೆ ಒಂದು ಮಾತು. ಕೈಯಲ್ಲಿ ನಾಣ್ಯ ಹಿಡಿದ ಗಡ್ಡದ ಯಹೂದಿಯ ಪುಟ್ಟ ಬೊಂಬೆ, ಚಿತ್ರಗಳು ಈ ಊರಿನಲ್ಲಿ ಮಾರಾಟಕ್ಕೆ ಕಾಣಬಹುದು. ಮನೆಯಲ್ಲಿಟ್ಟರೆ ಹಣ ಬರುತ್ತದೆ ಎಂಬ ನಂಬಿಕೆಯಂತೆ. ದಯವಿಟ್ಟು ಕೊಳ್ಳಬೇಡಿ. ಯಹೂದಿ ಎಂದರೆ ದುಡ್ಡು ಎಂಬ ಹಳೆಯ ವಿಷದ ಮಾತನ್ನೇ ಅದು ಆಟಿಕೆಯಾಗಿಸಿದೆ, ಮತ್ತು ಆ ಮಾತು ಎಲ್ಲಿಗೆ ಮುಟ್ಟಿತು ಎಂಬುದನ್ನು ಮಧ್ಯಾಹ್ನದ ಹೊತ್ತಿಗೆ ನೀವೇ ನೋಡುತ್ತೀರಿ.

ಎರಡನೆಯ ಹಂತ: ಹೆಸರು ಕಳೆದುಕೊಂಡ ಬೀದಿ

ಪ್ರವಾಸಿಗರು ಚೌಕದಿಂದ ನೇರವಾಗಿ ವಾವೆಲ್ ಕೋಟೆಗೆ ಹೋಗುತ್ತಾರೆ. ನೀವು ಮೊದಲು ಪಶ್ಚಿಮಕ್ಕೆ, ಸಂತ ಅನ್ನಾ ಬೀದಿಗೆ ತಿರುಗಿ. ಇದು ಒಂದು ಕಾಲದ ಯಹೂದಿ ಬೀದಿ. ಕ್ರಾಕೋವ್‌ನ ಮೊದಲ ಯಹೂದಿ ವಸತಿ ಇದ್ದದ್ದು ಇಲ್ಲಿ. ಈಗ ಅದರ ಕುರುಹು ಹುಡುಕಿದರೂ ಸಿಗದು. 1364ರಲ್ಲಿ ಮೂರನೆಯ ಕಾಜಿಮಿಯೆಶ್ ರಾಜ ಸ್ಥಾಪಿಸಿದ ವಿಶ್ವವಿದ್ಯಾಲಯ 1400ರ ಸುಮಾರಿಗೆ ಇದೇ ಕೇರಿಯಲ್ಲಿ ನೆಲೆಯೂರಿ, ಬೆಳೆಯುತ್ತ ಅಕ್ಕಪಕ್ಕದ ಮನೆಗಳನ್ನು ತನ್ನದಾಗಿಸಿಕೊಂಡಿತು. 1469ರಲ್ಲಿ ಯಹೂದಿಗಳು ಇಲ್ಲಿನ ಸಿನಗಾಗ್ ಸಮೇತ ತಮ್ಮ ಆಸ್ತಿ ಬಿಟ್ಟುಕೊಟ್ಟು ಊರಿನ ಇನ್ನೊಂದು ಮೂಲೆಗೆ ಸರಿದರು. 1494ರಲ್ಲಿ ದೊಡ್ಡ ಬೆಂಕಿ ಬಿತ್ತು, ಗಲಭೆ ಎದ್ದಿತು. ಮರುವರ್ಷವೇ ರಾಜ ಯಾನ್ ಓಲ್ಬ್ರಾಖ್ಟ್‌ನ ಆಳ್ವಿಕೆಯಲ್ಲಿ ಅವರು ಪೇಟೆಯನ್ನೇ ಬಿಡಬೇಕಾಯಿತು.

ಬೀದಿಯ ಮೂಲೆಯ ಕೊಲೇಜಿಯಂ ಮಾಯುಸ್ ಆ ವಿಶ್ವವಿದ್ಯಾಲಯದ ಅತಿ ಹಳೆಯ ಕಟ್ಟಡ. ಕಮಾನುಗಳ ಒಳಾಂಗಣಕ್ಕೆ ಪ್ರವೇಶ ಉಚಿತ. ಕೋಪರ್ನಿಕಸ್ 1490ರ ದಶಕದ ಮೊದಲರ್ಧದಲ್ಲಿ ಇಲ್ಲಿ ವಿದ್ಯಾರ್ಥಿಯಾಗಿದ್ದ. ಅವನು ಖಗೋಳ ಕಲಿಯುತ್ತಿದ್ದ ವರ್ಷಗಳಲ್ಲೇ ಯಹೂದಿಗಳು ಊರು ಬಿಡುವ ಸ್ಥಿತಿ ಒದಗುತ್ತಿತ್ತು ಎಂಬುದನ್ನು ಆ ಅಂಗಳದಲ್ಲಿ ನಿಂತು ಜೋಡಿಸಿಕೊಳ್ಳಬೇಕು. ಜ್ಞಾನದ ಮಹಾಕೇಂದ್ರ ಎಂಬ ಹೆಮ್ಮೆಯೂ ನೆರೆಯವರನ್ನು ಹೊರಗಟ್ಟಿದ ಇತಿಹಾಸವೂ ಒಂದೇ ಅಂಗಳಕ್ಕೆ ಸೇರಿದವು.

ಮೂರನೆಯ ಹಂತ: ವಾವೆಲ್, ಬೇಗ ಬೇಗ

ಗ್ರೊಡ್ಸ್ಕಾ ಬೀದಿಯಲ್ಲಿ ದಕ್ಷಿಣಕ್ಕೆ ಇಳಿಯಿರಿ. ಎಡಕ್ಕೆ ಹನ್ನೆರಡು ಶಿಷ್ಯರ ವಿಗ್ರಹಗಳನ್ನು ಮುಂದೆ ನಿಲ್ಲಿಸಿಕೊಂಡ ಪೀಟರ್ ಮತ್ತು ಪಾಲ್ ಚರ್ಚ್, ಪಕ್ಕದಲ್ಲೇ ಹನ್ನೊಂದನೆಯ ಶತಮಾನದಷ್ಟು ಹಳೆಯ, ಕೋಟೆಯಂಥ ಸಂತ ಆಂಡ್ರೂ ಚರ್ಚ್. ಕೊನೆಯಲ್ಲಿ ವಾವೆಲ್ ಗುಡ್ಡ. ಅರಮನೆಯ ಕೋಣೆಗಳಿಗೆಲ್ಲ ಬೇರೆ ಬೇರೆ ಟಿಕೆಟ್. ಇವತ್ತು ಅವು ಬೇಡ. ಅಂಗಳದವರೆಗೆ ಹತ್ತಿ, ಸಮಯವಿದ್ದರೆ ಕೆಥೆಡ್ರಲ್ ಒಳಹೊಕ್ಕು ಮೂರನೆಯ ಕಾಜಿಮಿಯೆಶ್‌ನ ಸಮಾಧಿ ನೋಡಿ ಇಳಿಯಿರಿ. ವಿಶ್ವವಿದ್ಯಾಲಯ ಕಟ್ಟಿದವನು ಅವನು. 1334ರಲ್ಲಿ ಯಹೂದಿಗಳಿಗಿದ್ದ ಹಕ್ಕುಪತ್ರವನ್ನು ಎತ್ತಿಹಿಡಿದವನೂ, ಮರುವರ್ಷ ತನ್ನ ಹೆಸರಿನಲ್ಲೇ ಕಾಜಿಮಿಯೆಶ್ ಎಂಬ ಪ್ರತ್ಯೇಕ ಪಟ್ಟಣ ಸ್ಥಾಪಿಸಿದವನೂ ಅವನೇ.

ಇದೇ ಅರಮನೆಯಲ್ಲಿ 1939ರಿಂದ, ಜರ್ಮನಿ ಆಕ್ರಮಿಸಿಕೊಂಡ ಪೋಲೆಂಡನ್ನು ಆಳುತ್ತಿದ್ದ ನಾಜಿ ಗವರ್ನರ್ ಜನರಲ್ ಹಾನ್ಸ್ ಫ್ರಾಂಕ್ ಬಿಡಾರ ಹೂಡಿದ್ದ. ಯುದ್ಧಕ್ಕೆ ಮುಂಚೆ ಕ್ರಾಕೋವ್‌ನಲ್ಲಿ ಅರವತ್ತು ಸಾವಿರಕ್ಕೂ ಮಿಗಿಲಾಗಿ, ಅಂದರೆ ಊರಿನ ನಾಲ್ವರಲ್ಲಿ ಒಬ್ಬರು ಯಹೂದಿಗಳಿದ್ದರು. ತನ್ನ ರಾಜಧಾನಿಯಲ್ಲಿ ಅವರು ಇರಕೂಡದೆಂದು ಫ್ರಾಂಕ್ 1940ರಲ್ಲಿ ಬಹುಪಾಲು ಜನರನ್ನು ಸುತ್ತಲ ಊರುಗಳಿಗೆ ಹೊರಹಾಕಿಸಿದ.

ನಾಲ್ಕನೆಯ ಹಂತ: ಕಾಜಿಮಿಯೆಶ್

ಸ್ಟ್ರಾಡೊಮ್ಸ್ಕಾ ಬೀದಿಯಲ್ಲಿ ಹತ್ತು ನಿಮಿಷ ನಡೆದರೆ ನಡುವೆ ಮರಗಳ ಸಾಲಿರುವ ಅಗಲವಾದ ದಿಯೆತ್ಲಾ ರಸ್ತೆ ಅಡ್ಡ ಬರುತ್ತದೆ. ಸ್ವಲ್ಪ ನಿಲ್ಲಿ. ನೀವು ನಿಂತಿರುವುದು ನದಿಯ ಪಾತ್ರದಲ್ಲಿ. ವಿಸ್ತುಲಾದ ಒಂದು ಕವಲು ಇಲ್ಲಿ ಹರಿಯುತ್ತಿತ್ತು. 1878–80ರಲ್ಲಿ ಅದನ್ನು ಮುಚ್ಚಿ ರಸ್ತೆ ಮಾಡಿದರು. ಅಲ್ಲಿಯವರೆಗೆ ಕಾಜಿಮಿಯೆಶ್ ಅಕ್ಷರಶಃ ದ್ವೀಪ. ಯಹೂದಿಗಳನ್ನು ಕಳಿಸಿದ್ದು ನೀರಿನಾಚೆಗೆ ಎಂಬುದು ಭೂಪಟದಲ್ಲಿ ತಿಳಿಯುವುದಿಲ್ಲ, ಈ ರಸ್ತೆ ದಾಟುವಾಗ ತಿಳಿಯುತ್ತದೆ.

ರಸ್ತೆ ದಾಟಿ ಕ್ರಾಕೋವ್ಸ್ಕಾ ಬೀದಿ ಹಿಡಿದು ಎಡಕ್ಕೆ ಯುಜೆಫಾ ಬೀದಿಗೆ ತಿರುಗಿ. ಬಲಕ್ಕೆ ಇಟ್ಟಿಗೆಯ ಕಾರ್ಪಸ್ ಕ್ರಿಸ್ಟಿ ಚರ್ಚ್ ಕಾಣಿಸುತ್ತದೆ. ಈ ಪಟ್ಟಣದ ಪಶ್ಚಿಮ ಭಾಗ ಕ್ರೈಸ್ತರದು. ಈಶಾನ್ಯದ ಭಾಗ ಗೋಡೆಯೊಳಗಿನ ಯಹೂದಿ ಊರು. ಯುಜೆಫಾ ಬೀದಿಯಲ್ಲಿ ನಿಧಾನವಾಗಿ ನಡೆಯಿರಿ, ಹಳೆಯ ಮನೆಗಳ ಬಾಗಿಲುವಾಡದ ಬಲಗಂಬವನ್ನು ಎದೆಯೆತ್ತರದಿಂದ ಮೇಲಕ್ಕೆ ಗಮನಿಸುತ್ತ ಹೋಗಿ. ಕೆಲವು ಕಡೆ ಬೆರಳುದ್ದದ, ಓರೆಯಾದ ಒಂದು ಕುಳಿ ಕಾಣುತ್ತದೆ. ಧರ್ಮಗ್ರಂಥದ ಸಾಲುಗಳನ್ನು ಬರೆದು ಸುತ್ತಿಟ್ಟ ಮೆಝುಝಾ ಎಂಬ ಕರಂಡಕ ಅಲ್ಲಿತ್ತು. ಯಹೂದಿ ಮನೆಯವರು ಒಳಗೆ ಹೋಗುವಾಗ, ಹೊರಗೆ ಬರುವಾಗ ಅದನ್ನು ಮುಟ್ಟಿ ಬೆರಳನ್ನು ತುಟಿಗೆ ತಾಗಿಸಿಕೊಳ್ಳುತ್ತಿದ್ದರು. ಕರಂಡಕ ಹೋಗಿದೆ, ಮನೆಯವರು ಹೋಗಿದ್ದಾರೆ. ಎಷ್ಟೋ ಸಲ ಬಣ್ಣ ಬಳಿದರೂ ಕುಳಿ ಮುಚ್ಚಿಲ್ಲ. ನನಗೆ ಈ ಊರಿನ ಎಲ್ಲ ಸ್ಮಾರಕಗಳಿಗಿಂತ ಹೆಚ್ಚು ತಟ್ಟಿದ್ದು ಇದೇ.

ಬೀದಿಯ ಕೊನೆಗೆ, 38ನೆಯ ಸಂಖ್ಯೆಯ ಹೈ ಸಿನಗಾಗ್. ಹದಿನಾರನೆಯ ಶತಮಾನದ್ದು, ಪ್ರಾರ್ಥನೆಯ ಕೋಣೆ ಮಹಡಿಯ ಮೇಲಿತ್ತು. ಅಲ್ಲಿಂದ ಕೆಲವೇ ಹೆಜ್ಜೆಗೆ ಶೆರೊಕಾ.

ಶೆರೊಕಾ ಬೀದಿ ಎನ್ನುತ್ತಾರಾದರೂ ಅದೊಂದು ಉದ್ದನೆಯ ಚೌಕ, ಯಹೂದಿ ಊರಿನ ಹೃದಯ. ದಕ್ಷಿಣ ತುದಿಯಲ್ಲಿರುವುದು ಹಳೆ ಸಿನಗಾಗ್, ಪೋಲೆಂಡ್‌ನಲ್ಲಿ ಉಳಿದಿರುವ ಸಿನಗಾಗ್‌ಗಳಲ್ಲೇ ಅತ್ಯಂತ ಹಳೆಯದು. ಹದಿನೈದನೆಯ ಶತಮಾನದ ಕಟ್ಟಡವನ್ನು 1570ರಲ್ಲಿ ಇಟಲಿಯ ಮಟ್ಟೆಯೊ ಗುಚ್ಚಿ ಹೊಸದಾಗಿ ಕಟ್ಟಿದ. ದಪ್ಪ ಗೋಡೆ, ಎತ್ತರದಲ್ಲಿ ಕಿಟಕಿ. ಪ್ರಾರ್ಥನೆಯ ಮನೆಯೂ ಹೌದು, ಆಪತ್ಕಾಲಕ್ಕೆ ಕೋಟೆಯೂ ಹೌದು. ಒಳಗಿನ ನೆಲ ಬೀದಿಗಿಂತ ತಗ್ಗಿನಲ್ಲಿದೆ, ಮೆಟ್ಟಿಲಿಳಿದು ಹೋಗಬೇಕು. 1794ರ ಬಂಡಾಯದ ನಾಯಕ ತಡೆಯುಶ್ ಕೊಶ್ಚುಷ್ಕೊ ಯಹೂದಿಗಳ ಬೆಂಬಲ ಕೋರಿ ಮಾತನಾಡಿದ್ದು ಇಲ್ಲೇ. ನಾಜಿಗಳು ಇದನ್ನು ಲೂಟಿ ಮಾಡಿ ಉಗ್ರಾಣವಾಗಿಸಿದರು. 1943ರಲ್ಲಿ ಇದರ ಗೋಡೆಯ ಬಳಿ ಮೂವತ್ತು ಜನ ಪೋಲಿಷರನ್ನು ಗುಂಡಿಟ್ಟು ಕೊಂದರು. ಯುದ್ಧಾನಂತರ ದುರಸ್ತಿಯಾಗಿ ಈಗ ಸಂಗ್ರಹಾಲಯ. ಶಬ್ಬಾತ್, ಮದುವೆ, ಹಬ್ಬಗಳ ವಸ್ತುಗಳನ್ನು ಇಲ್ಲಿ ನೋಡಿಕೊಂಡರೆ ಮುಂದೆ ಕಾಣುವುದೆಲ್ಲ ಸಲೀಸಾಗಿ ಅರ್ಥವಾಗುತ್ತದೆ. ಇದಕ್ಕೆ ಮುಕ್ಕಾಲು ಗಂಟೆ ಕೊಡಿ.

ಇನ್ನೊಂದು ಬದಿಯಲ್ಲಿ, ಶೆರೊಕಾ 40ರಲ್ಲಿ, ರೆಮು ಸಿನಗಾಗ್. ಪುಟ್ಟದು, ಆದರೆ ಜೀವಂತ. ಇಂದಿಗೂ ಪ್ರಾರ್ಥನೆ ನಡೆಯುತ್ತದೆ. 1550ರ ದಶಕದಲ್ಲಿ ವ್ಯಾಪಾರಿಯೊಬ್ಬ ಕಟ್ಟಿಸಿದ ಇದಕ್ಕೆ ಅವನ ಮಗ ರಬ್ಬಿ (ಯಹೂದಿ ಧರ್ಮಗುರು) ಮೋಶೆ ಇಸ್ಸೆರ್ಲಿಸ್‌ನ ಹೆಸರು ನಿಂತಿತು. ಸ್ಪೇನ್ ಮೂಲದ ಯಹೂದಿಗಳ ಆಚಾರಸಂಹಿತೆಗೆ ಮಧ್ಯ ಮತ್ತು ಪೂರ್ವ ಯೂರೋಪಿನ ರೂಢಿಗಳನ್ನು ಸೇರಿಸಿ ಟಿಪ್ಪಣಿ ಬರೆದವನು ಇವನು. ಇವತ್ತಿಗೂ ಜಗತ್ತಿನ ಎಷ್ಟೋ ಯಹೂದಿ ಮನೆಗಳ ಅಡುಗೆ, ಹಬ್ಬ, ವ್ರತಗಳು ಇವನ ಮಾತಿನಂತೆ ನಡೆಯುತ್ತವೆ.

ಹಿಂದಿನ ಸ್ಮಶಾನಕ್ಕೆ ಅವಸರ ಮಾಡಬೇಡಿ. 1800ರಲ್ಲಿ ಇಲ್ಲಿ ಹೂಳುವುದು ನಿಂತಿತು. ನಾಜಿಗಳು ಹಾಳುಗೆಡವಿದ ಮೇಲೆ ಕೆಲವೇ ಕಲ್ಲುಗಳು ನಿಂತಿದ್ದವು, ಅವುಗಳಲ್ಲಿ 1572ರಲ್ಲಿ ತೀರಿಕೊಂಡ ಇಸ್ಸೆರ್ಲಿಸ್‌ನ ಸಮಾಧಿಯೂ ಒಂದು. ಯುದ್ಧದ ನಂತರ ಅಗೆದಾಗ ನೆಲದಡಿಯಿಂದ ನೂರಾರು ಕಲ್ಲುಗಳು ಹೊರಬಂದವು. ಒಡೆದ ಚೂರುಗಳನ್ನು ಸೇರಿಸಿ ಕಟ್ಟಿದ ಗೋಡೆ ಬೀದಿಯ ಬದಿಗಿದೆ. ಅಕ್ಷರ ಓದಲು ಬಾರದಿದ್ದರೂ ಕೆತ್ತನೆ ಓದಬಹುದು. ಹೆಬ್ಬೆರಳು ತಾಗಿಸಿ ಬೆರಳು ಅಗಲಿಸಿದ ಎರಡು ಅಂಗೈಗಳಿದ್ದರೆ ಅದು ಕೊಹೆನ್ ಎಂಬ ಪುರೋಹಿತ ವಂಶದವರ ಸಮಾಧಿ. ಹೂಜಿ ಇದ್ದರೆ ಅವರ ಕೈಗೆ ನೀರೆರೆಯುವ ಲೇವಿಯರದ್ದು. ಕಿರೀಟ ಶಾಸ್ತ್ರಜ್ಞಾನಕ್ಕೆ. ಸಮಾಧಿಗಳ ಮೇಲೆ ಬೆಣಚುಕಲ್ಲುಗಳಿರುತ್ತವೆ. ಯಹೂದಿಗಳು ಹೂವಿನ ಬದಲು ಇಡುವುದು ಅದನ್ನೇ. ಮಡಚಿಟ್ಟ ಚೀಟಿಗಳನ್ನು ಮುಟ್ಟಬೇಡಿ, ಅವು ಯಾರದೋ ಹರಕೆ.

ಹೊರಬಂದರೆ ಹಸಿರು ಪಟ್ಟಿಯಲ್ಲಿ ಒಂದು ಕಲ್ಲು. ಕ್ರಾಕೋವ್ ಮತ್ತು ಸುತ್ತಲಿನ ಅರವತ್ತೈದು ಸಾವಿರ ಯಹೂದಿಗಳ ಹತ್ಯೆಯ ಸ್ಮರಣೆ ಅದರಲ್ಲಿದೆ. ಬಳಿಯ ಬೆಂಚಿನ ಮೇಲೆ ಯಾನ್ ಕಾರ್ಸ್ಕಿಯ ಲೋಹದ ಪ್ರತಿಮೆ. ನಾಜಿಗಳು ಯಹೂದಿಗಳನ್ನು ನಿರ್ನಾಮ ಮಾಡುತ್ತಿದ್ದಾರೆಂದು ಕಣ್ಣಾರೆ ಕಂಡು, 1943ರಲ್ಲಿ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಸ್ವತಃ ವರದಿ ಒಪ್ಪಿಸಿದ ಪೋಲಿಷ್ ದೂತ ಅವರು. ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗವಿದೆ.

ಶೆರೊಕಾದ ಯಹೂದಿ ಶೈಲಿಯ ಹೋಟೆಲುಗಳಲ್ಲಿ ಸಂಜೆ ಕ್ಲೆಜ್ಮರ್ ಎಂಬ ಪೂರ್ವ ಯೂರೋಪಿನ ಯಹೂದಿ ಸಂಗೀತವಿರುತ್ತದೆ. ಚೆನ್ನಾಗಿಯೇ ಇರುತ್ತದೆ, ಆದರೆ ಬಹುಪಾಲು ಹೋಟೆಲುಗಳು ಯಹೂದಿ ಆಹಾರ ನಿಯಮ ಪಾಲಿಸುವಂಥವಲ್ಲ. ಇಂದಿನ ಸಮುದಾಯವನ್ನು ನೋಡಬೇಕೆಂದರೆ ಮಿಯೊದೊವಾ ಬೀದಿಯ 24ಕ್ಕೆ ಹೋಗಿ. 1862ರ ಟೆಂಪಲ್ ಸಿನಗಾಗ್‌ನ ಬಣ್ಣದ ಗಾಜು ನೋಡುವಂಥದ್ದು. ಅದರ ಹಿತ್ತಲಿನಲ್ಲಿ 2008ರಲ್ಲಿ ತೆರೆದ ಯಹೂದಿ ಸಮುದಾಯ ಕೇಂದ್ರವಿದೆ. ತಮ್ಮ ಅಜ್ಜಿ ಯಹೂದಿ ಎಂದು ದೊಡ್ಡವರಾದ ಮೇಲೆ ತಿಳಿದವರೂ ಇಲ್ಲಿಗೆ ಬರುತ್ತಾರೆ. ದಾರಿಯಲ್ಲಿ ಇಸಾಕ್ ಸಿನಗಾಗ್ ಸಿಗುತ್ತದೆ, 1644ರದ್ದು. ಇದನ್ನು ಕಟ್ಟಿಸಿದವನ ಕಥೆ ಹೀಗಿದೆ: ಪ್ರಾಗ್‌ನ ಸೇತುವೆಯಡಿ ನಿಧಿಯಿದೆ ಎಂದು ಕನಸು ಕಂಡು ಅಲ್ಲಿಗೆ ಹೋದ. ಕಾವಲುಗಾರ ನಕ್ಕು, ‘ನನಗೂ ಕ್ರಾಕೋವ್‌ನ ಇಸಾಕ್ ಎಂಬುವನ ಒಲೆಯಡಿ ನಿಧಿಯಿರುವ ಕನಸು ಬಿದ್ದಿತ್ತು, ನಾನೇನು ಹೊರಟೆನೇ?’ ಎಂದ. ಇಸಾಕ್ ಮನೆಗೆ ಬಂದು ಒಲೆ ಅಗೆದ.

ಹತ್ತಿರದ ಕೂಪಾ ಸಿನಗಾಗ್ ಮುಂದೆ ಹಾದುಹೋಗುವಾಗ ಒಂದು ದಿನಾಂಕ ನೆನಪಿಡಿ: 11 ಆಗಸ್ಟ್ 1945. ಯುದ್ಧ ಮುಗಿದು, ಬದುಕುಳಿದ ಕೆಲವರು ಮರಳಿ ಬಂದು ಪ್ರಾರ್ಥಿಸುತ್ತಿದ್ದಾಗ, ಅವರ ಮೇಲೆ ಇಲ್ಲಿ ಗುಂಪು ದಾಳಿ ನಡೆಯಿತು. ಎಲ್ಲವನ್ನೂ ಜರ್ಮನ್ನರ ಲೆಕ್ಕಕ್ಕೆ ಬರೆದು ಮುಗಿಸುವ ಮಾರ್ಗದರ್ಶಕರು ಇದನ್ನು ಹೇಳದೆ ಬಿಡಬಹುದು.

ಊಟಕ್ಕೆ ಪ್ಲಾತ್ಸ್ ನೋವಿ ಚೌಕ. ನಡುವಿನ ದುಂಡು ಕಟ್ಟಡ 1900ರದ್ದು. ಒಂದು ಕಾಲದಲ್ಲಿ ಯಹೂದಿ ವಿಧಿಯಂತೆ ಕೋಳಿ ಕೊಯ್ಯುವ ಜಾಗವಾಗಿತ್ತು. ಈಗ ಅದರ ಕಿಂಡಿಗಳಲ್ಲಿ ಝಾಪಿಯೆಕಾಂಕಾ ಮಾರುತ್ತಾರೆ: ಉದ್ದ ಬ್ರೆಡ್ಡಿನ ಮೇಲೆ ಅಣಬೆ, ಚೀಸ್ ಹಾಕಿ ಸುಟ್ಟದ್ದು. ಸಸ್ಯಾಹಾರಿಗಳು ‘ಬೆಜ್ ಮಿಯೆನ್ಸಾ’ ಎಂದರೆ ಮಾಂಸವಿಲ್ಲದೆ ಕೊಡುತ್ತಾರೆ. ಹೋಟೆಲಿನಲ್ಲಿ ಕೂರುವುದಾದರೆ ಆಲೂಗಡ್ಡೆ ಮತ್ತು ಚೀಸ್ ತುಂಬಿದ ಪಿಯೆರೋಗಿ ರುಸ್ಕಿಯೆ ಕೇಳಿ. ಆದರೆ ಮೇಲೆ ಹಂದಿಕೊಬ್ಬಿನ ಚೂರು ಉದುರಿಸುವ ರೂಢಿಯಿದೆ, ಮೊದಲೇ ಬೇಡವೆನ್ನಿ. ಸೂಪುಗಳನ್ನು ಮಾಂಸದ ಸಾರಿನಲ್ಲಿ ಮಾಡುವುದೇ ಹೆಚ್ಚು.

ಐದನೆಯ ಹಂತ: ಸೇತುವೆ ದಾಟಿ ಪೊಡ್‌ಗುಜೆಗೆ

ಕಾಜಿಮಿಯೆಶ್ಶೇ ನಾಜಿ ಘೆಟ್ಟೊ, ಅಂದರೆ ಯಹೂದಿಗಳನ್ನು ಕೂಡಿಹಾಕಿದ ಕೇರಿ, ಆಗಿತ್ತು ಎಂದು ಬಹಳ ಜನ ತಿಳಿದಿರುತ್ತಾರೆ. ಅಲ್ಲ. ಘೆಟ್ಟೊ ಇದ್ದದ್ದು ನದಿಯಾಚೆ. ಪಾದಚಾರಿಗಳ ಬೆರ್ನಾತ್ಕಾ ಸೇತುವೆ ಹಿಡಿದು ದಾಟಿ, ಎಡಕ್ಕೆ ಹತ್ತು ನಿಮಿಷ ನಡೆದರೆ ಘೆಟ್ಟೊ ವೀರರ ಚೌಕ. 1941ರ ಮಾರ್ಚ್ 3ರಂದು ಆದೇಶ ಹೊರಟಿತು, 20ರೊಳಗೆ ಬರಬೇಕಿತ್ತು. ಕಾಜಿಮಿಯೆಶ್‌ನಿಂದ ಕೈಗಾಡಿಗಳಲ್ಲಿ ಮಂಚ, ಕಪಾಟು, ಪಾತ್ರೆ ಹೇರಿಕೊಂಡು ಜನ ನದಿ ದಾಟಿದರು. ಹಿಂದೆ ಮೂರು ಸಾವಿರ ಮಂದಿ ಇದ್ದ ಸುಮಾರು 320 ಮನೆಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಜನರನ್ನು ತುಂಬಿದರು. 1942ರ ಜೂನ್ ಮತ್ತು ಅಕ್ಟೋಬರ್‌ನಲ್ಲಿ ಈ ಚೌಕದಲ್ಲಿ ಗುಂಪು ಸೇರಿಸಿ ಬೆಲ್ಝೆಟ್ಸ್ ಸಾವಿನ ಶಿಬಿರಕ್ಕೆ ಸಾಗಿಸಿದರು. 1943ರ ಮಾರ್ಚ್ 13 ಮತ್ತು 14ರಂದು ಘೆಟ್ಟೊವನ್ನೇ ಮುಗಿಸಿದರು.

ಚೌಕದ ತುಂಬ ಲೋಹದ ಖಾಲಿ ಕುರ್ಚಿಗಳು, 2005ರಲ್ಲಿ ನಿಲ್ಲಿಸಿದ್ದು. ದೊಡ್ಡವು 33, ಅಂಚಿನಲ್ಲೂ ಟ್ರಾಮ್ ನಿಲ್ದಾಣದಲ್ಲೂ ಚಿಕ್ಕವು 37. ಒಯ್ದ ಜನರ ಹಿಂದೆ ಈ ಚೌಕದಲ್ಲಿ ಉಳಿದದ್ದು ಅವರ ಪೀಠೋಪಕರಣಗಳು. ಟ್ರಾಮ್‌ಗೆ ಕಾಯುವವರು ಚಿಕ್ಕ ಕುರ್ಚಿಗಳ ಮೇಲೆ ಕುಳಿತಿರುತ್ತಾರೆ. ಅದು ಅಗೌರವವಲ್ಲ, ಶಿಲ್ಪಿಗಳ ಉದ್ದೇಶವೇ ಅದು. ಮೂಲೆಯ ‘ಹದ್ದು’ ಔಷಧಾಲಯ ತಪ್ಪಿಸಬೇಡಿ. ತಡೆಯುಶ್ ಪಾಂಕಿಯೆವಿಚ್ ಎಂಬ ಕ್ಯಾಥೊಲಿಕ್ ಔಷಧಿಕಾರ ಘೆಟ್ಟೊ ಒಳಗೇ ಅಂಗಡಿ ತೆರೆದಿಟ್ಟುಕೊಂಡು ಉಳಿದರು. ಜೊತೆಗಿದ್ದವರು ಇರೇನಾ, ಹೆಲೆನಾ, ಔರೇಲಿಯಾ ಎಂಬ ಸಹಾಯಕಿಯರು. ಗುರುತು ಮರೆಸಲು ಕೂದಲಿನ ಬಣ್ಣ, ಅಡಗಿದ ಮನೆಯಲ್ಲಿ ಮಗು ಅಳದಿರಲು ನಿದ್ರೆಯ ಔಷಧಿ ಕೊಟ್ಟರು. ಪುಟ್ಟ ಸಂಗ್ರಹಾಲಯ, ಅರ್ಧ ಗಂಟೆ ಸಾಕು. ಒಂದನ್ನೇ ನೋಡಲು ಸಾಧ್ಯವಿದ್ದರೆ ನಾನು ಶಿಂಡ್ಲರ್ ಕಾರ್ಖಾನೆಗಿಂತ ಇದನ್ನೇ ಆರಿಸುತ್ತೇನೆ.

ಅಲ್ಲಿಂದ ಲ್ವೊವ್ಸ್ಕಾ ಬೀದಿಗೆ ಹೋಗಿ. 25 ಮತ್ತು 29ರ ನಡುವೆ ಘೆಟ್ಟೊ ಗೋಡೆಯ ತುಂಡು ಉಳಿದಿದೆ. ಮೇಲಂಚಿನ ಕಮಾನುಗಳ ಸಾಲು ಯಹೂದಿ ಸಮಾಧಿ ಕಲ್ಲಿನ ಆಕಾರದಲ್ಲಿದೆ. ಬೆಳಗ್ಗೆ ರೆಮು ಸ್ಮಶಾನದಲ್ಲಿ ಕಲ್ಲುಗಳನ್ನು ನೋಡಿದವರಿಗೆ ಆ ಆಕಾರ ಹೇಳಿಕೊಡಬೇಕಾಗಿಲ್ಲ. ಈ ಕ್ರಮದಲ್ಲಿ ನಡೆಯಿರಿ ಎಂದು ನಾನು ಹಟ ಹಿಡಿದದ್ದು ಇದಕ್ಕೇ.

ಕೊನೆಯದು ಲಿಪೊವಾ ಬೀದಿ 4. ಓಸ್ಕರ್ ಶಿಂಡ್ಲರ್‌ನ ಪಾತ್ರೆ ಕಾರ್ಖಾನೆಯ ಆಡಳಿತ ಕಟ್ಟಡ 2010ರಿಂದ ಸಂಗ್ರಹಾಲಯ. ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ಉಳಿಸಿದ ಅವನ ಬಗ್ಗೆ ಇಲ್ಲಿರುವುದು ಒಂದು ಭಾಗ ಮಾತ್ರ. ಪ್ರದರ್ಶನದ ವಿಷಯ 1939ರಿಂದ 1945ರವರೆಗಿನ ಕ್ರಾಕೋವ್. ಓದುವುದು ಬಹಳವಿದೆ, ದಾರಿ ಇಕ್ಕಟ್ಟು. ಎರಡು ಗಂಟೆ ಇಟ್ಟುಕೊಳ್ಳಿ. ಚಿಕ್ಕ ಮಕ್ಕಳಿದ್ದರೆ ಔಷಧಾಲಯಕ್ಕೇ ನಿಲ್ಲಿಸಿ.

ನಾಜಿಗಳ ಸಾವಿನ ಶಿಬಿರವಿದ್ದ ಆಶ್‌ವಿಟ್ಜ್ ಇಲ್ಲಿಂದ ಸುಮಾರು ಎಪ್ಪತ್ತು ಕಿಲೋಮೀಟರ್. ಅದನ್ನು ಮರುದಿನಕ್ಕೆ ಹಾಕಿಕೊಳ್ಳುವವರೇ ಹೆಚ್ಚು. ನಡುವೆ ಒಂದು ದಿನ ಬಿಡಿ, ಸಂತ ಮೇರಿ ಚರ್ಚಿನ ಪೀಠವನ್ನೂ ವಾವೆಲ್ ಅರಮನೆಯನ್ನೂ ಆ ದಿನಕ್ಕೆ ಇಟ್ಟುಕೊಳ್ಳಿ. ವಾಪಸಾಗಲು ಟ್ರಾಮ್ ಹುಡುಕಬೇಕಾಗಿಲ್ಲ. ಕಾರ್ಖಾನೆಯಿಂದ ಐದಾರು ನಿಮಿಷದ ನಡಿಗೆಗೆ ಝಾಬ್ವೊಚೆ ರೈಲು ನಿಲ್ದಾಣವಿದೆ. ಮುಖ್ಯ ನಿಲ್ದಾಣದ ಕಡೆ ಹೋಗುವ ರೈಲು ಹತ್ತು ನಿಮಿಷದೊಳಗೆ ಬಾರ್ಬಿಕನ್ ಬಳಿಗೆ ತಲುಪಿಸುತ್ತದೆ. ಟಿಕೆಟ್ಟನ್ನು ಪ್ಲಾಟ್‌ಫಾರಂನ ಯಂತ್ರದಲ್ಲೋ ಮೊಬೈಲಿನಲ್ಲೋ ಹತ್ತುವ ಮೊದಲೇ ಕೊಳ್ಳಿ.